ರಾತ್ರಿ ಪಾಳಿ ಅವುಗಳದು

ನಾನು ಸಕಲೇಶಪುರದ ಕಡೆಯವನು. ಅಪ್ಪ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ, ಆಗಿದ್ದರು. ಭಾನುವಾರ ಚರ್ಚಿನ ಪೂಜೆಗೆ ಮನೆಯವರೆಲ್ಲ ನಡೆದೇ ಹೋಗುತ್ತಿದ್ದೆವು. ಬೆಂಗಳೂರಿನ ನಮ್ಮ ಸೇಂಟ್ ಜೋಸೆಫ್ಸ್ ಕಾಲೇಜಿಗೆ ಬಿ.ಎಸ್ಸಿ. ಓದಲು ಬಂದಾಗ ಸಸ್ಯಶಾಸ್ತ್ರ ನನಗೆ ಪಾಸಾಗಬೇಕಾದ ಒಂದು ವಿಷಯ ಅಷ್ಟೇ. ದೇವರಿಗೂ ಅದಕ್ಕೂ ಸಂಬಂಧ ಇದೆ ಅಂತ ಅನ್ನಿಸಿರಲಿಲ್ಲ. ಅನ್ನಿಸುವಂತೆ ಮಾಡಿದ್ದು ವಿಭಾಗದಲ್ಲಿದ್ದ ಒಂದು ದಪ್ಪ ಪುಸ್ತಕ.

ಅದು ಹಾಸನ ಜಿಲ್ಲೆಯ ಸಸ್ಯಗಳ ಪುಸ್ತಕ, 1976ರಲ್ಲಿ ಬಂದದ್ದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಜತೆ ಸೇರಿ ಅದನ್ನು ಸಂಪಾದಿಸಿದವರು ಫಾದರ್ ಸೆಸಿಲ್ ಸಲ್ಡಾನ್ಹ. ಯೇಸುಸಭೆ ಅನ್ನುವ ಕ್ಯಾಥೊಲಿಕ್ ಸಂಘದ ಗುರುಗಳು, ನಮ್ಮ ಕಾಲೇಜಿನಲ್ಲೇ ಪಾಠ ಮಾಡಿದವರು. ಪುಟ ತಿರುವಿದರೆ ನಮ್ಮೂರ ಕಡೆಯ ಹೆಸರುಗಳೇ. ಶಿರಾಡಿ, ಬಿಸಿಲೆ. ಉಂಬಳ (ಜಿಗಣೆ) ಹತ್ತುವ ಆ ಕಾಡಿನ ಗಿಡಗಂಟಿಗಳನ್ನು ಒಂದೊಂದಾಗಿ ನೋಡಿ, ಎಲೆ ಹೇಗಿದೆ, ಹೂ ಯಾವಾಗ ಬಿಡುತ್ತದೆ ಅಂತ ಬರೆದಿಟ್ಟಿದ್ದರು. ನಾವು ತುಳಿದುಕೊಂಡು ಓಡಾಡುತ್ತಿದ್ದ ಹುಲ್ಲಿಗೂ ಅಲ್ಲಿ ಜಾಗ ಇತ್ತು. ಪೂಜೆ ಅರ್ಪಿಸುವ ಕೈಯೇ ಆ ಹುಲ್ಲನ್ನೂ ಎತ್ತಿ ನೋಡಿದೆ ಅನ್ನುವುದು ನನ್ನ ಮನಸ್ಸಿಗೆ ನಾಟಿಬಿಟ್ಟಿತು.

ಮಲಗುವ ಮುಂಚೆ ಬೈಬಲ್ಲಿನ ಒಂದು ಕೀರ್ತನೆ ಓದುವ ಅಭ್ಯಾಸವನ್ನು ಅಮ್ಮ ಮಾಡಿಸಿದ್ದರು. 104ನೇ ಕೀರ್ತನೆಯನ್ನು ನಿಜವಾಗಿ ಗಮನ ಇಟ್ಟು ಓದಿದ್ದು ಹಾಸ್ಟೆಲಿನಲ್ಲಿ, ಆ ದಿನಗಳಲ್ಲೇ. ಅದರಲ್ಲಿ ಕೊಕ್ಕರೆಗೆ ಮರ ಇದೆ, ಕಾಡುಮೇಕೆಗೆ ಬೆಟ್ಟ ಇದೆ. ಕತ್ತಲಾದರೆ ಕಾಡಿನ ಪ್ರಾಣಿಗಳೆಲ್ಲ ಹೊರಗೆ ಬರುತ್ತವೆ. ಸಿಂಹದ ಮರಿಗಳು ಗರ್ಜಿಸಿ ದೇವರ ಹತ್ತಿರ ಆಹಾರ ಕೇಳುತ್ತವೆ. ಸೂರ್ಯ ಹುಟ್ಟಿದ ಮೇಲೆ ಅವು ಹೋಗಿ ಮಲಗುತ್ತವೆ, ಆಮೇಲೆ ಮನುಷ್ಯ ಕೆಲಸಕ್ಕೆ ಹೊರಡುತ್ತಾನೆ. ಎಷ್ಟು ಚೆಂದದ ಏರ್ಪಾಡು ಅಲ್ವಾ? ಹಗಲು ಪಾಳಿ ನಮ್ಮದು, ರಾತ್ರಿ ಪಾಳಿ ಅವುಗಳದು. ಸಿಂಹದಿಂದ ನಮಗೇನು ಉಪಯೋಗ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಬೈಬಲ್ಲಿನ ಜಲಪ್ರಳಯದ ಕತೆಯಲ್ಲಿ, ಪ್ರಳಯದ ನಂತರ ದೇವರು ಮಾಡಿಕೊಂಡ ಒಡಂಬಡಿಕೆಯೂ ಹಾಗೆಯೇ. ದೇವರು ಅದನ್ನು ನೋಹನ ಮನೆಯವರ ಜತೆ ಮಾತ್ರ ಮಾಡಿಕೊಳ್ಳಲಿಲ್ಲ, ನಾವೆಯಿಂದ ಇಳಿದ ಎಲ್ಲ ಜೀವಿಗಳ ಜತೆಯೂ ಮಾಡಿಕೊಂಡರು. ಉಪದೇಶ ತರಗತಿಯಲ್ಲಿ ಆ ಒಡಂಬಡಿಕೆಯ ಗುರುತಾದ ಕಾಮನಬಿಲ್ಲಿನ ಚಿತ್ರ ಬಿಡಿಸುವ ಮಕ್ಕಳಿಗೆ ಇದನ್ನೂ ಹೇಳಬೇಕು.

ನಮ್ಮೂರಿನವರಿಗೆ ಆ ಕೀರ್ತನೆ ಸುಮ್ನೆ ಹಾಡಿ ಮುಗಿಸುವಂಥದ್ದಲ್ಲ. ಸಕಲೇಶಪುರ, ಆಲೂರು ಕಡೆ ಕಾಡಾನೆಗಳು ಹಗಲೆಲ್ಲ ಕಾಫಿ ತೋಟದ ನೆರಳಲ್ಲಿ ನಿಂತು, ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತವೆ. ಹಲಸು ಹಣ್ಣಾಗುವಾಗ, ಭತ್ತ ತೆನೆ ಕಟ್ಟುವಾಗ ಕಾಟ ಜಾಸ್ತಿ. ನಸುಕಿನಲ್ಲಿ ಕೆಲಸಕ್ಕೆ ಹೊರಟವರಿಗೆ ಎದುರಾದರೆ ಪ್ರಾಣವೇ ಹೋಗುತ್ತದೆ. ಹಾಗೆ ಸತ್ತ ಕೂಲಿಯವರ ಮಣ್ಣಿಗೆ ನಾನೂ ಹೋಗಿದ್ದೇನೆ. ಆ ಮನೆಯವರ ಮುಂದೆ ಕೂತು ಆನೆ ಉಳಿಯಬೇಕು ಅಂತ ಹೇಳುವುದು ಸುಲಭ ಅಲ್ಲ. ಆದರೂ ಉಳಿಯಬೇಕು ಅಂತಲೇ ನಾನು ನಂಬುತ್ತೇನೆ. ಸತ್ತವರ ಮಕ್ಕಳ ಜವಾಬ್ದಾರಿಯೂ ನಮ್ಮದೇ ಅಂತಲೂ ನಂಬುತ್ತೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವವರು ಎರಡೂ ಕಡೆ ಇದ್ದಾರೆ. ನನಗೆ ಅದು ಆಗುವುದಿಲ್ಲ.

ಆನೆಗಳನ್ನು ಹಿಡಿದು ಸಾಗಿಸಿದರೆ ಸಮಸ್ಯೆ ಮುಗಿಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. ಹೈಕೋರ್ಟ್ ಹೇಳಿ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆಲೂರು ಕಡೆಯ ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಬೇಕು ಅಂತ ಅದರಲ್ಲಿತ್ತು. ಹಿಡಿದರು, ಸಾಗಿಸಿದರು. ಬೇರೆ ಆನೆಗಳು ಬಂದವು. ನೆರಳು, ನೀರು, ಗದ್ದೆ ಮೂರೂ ಒಂದೇ ಕಡೆ ಸಿಗುವಾಗ ಬಾರದೆ ಇರುತ್ತವೆಯೇ? 2023ರ ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಇವುಗಳ ಜತೆ ಬಾಳುವುದನ್ನು ಕಲಿಯದೆ ದಾರಿಯಿಲ್ಲ. ಈಗ ಕೆಲವು ಹೆಣ್ಣಾನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಹಿಂಡು ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುತ್ತದೆ. ಅದನ್ನು ನೋಡಿ ಕೆಲಸದ ಜಾಗ ಬದಲಾಯಿಸಿದ ತೋಟಗಳಿವೆ. ಜೀವ ಉಳಿಸುವುದು ಇಂಥ ಸಣ್ಣ ಸಣ್ಣ ಕೆಲಸಗಳೇ.

2015ರಲ್ಲಿ ಪೋಪ್ ಫ್ರಾನ್ಸಿಸ್ ಇಡೀ ಧರ್ಮಸಭೆಗೆ ಬರೆದ ತಮ್ಮ ವಿಶ್ವಪತ್ರದಲ್ಲಿ ಒಂದು ಮಾತು ಬರೆದರು. ನಮ್ಮಿಂದಾಗಿ ಸಾವಿರಾರು ಜೀವಜಾತಿಗಳು ಇನ್ನು ತಮ್ಮ ಇರುವಿಕೆಯಿಂದ ದೇವರನ್ನು ಮಹಿಮೆಪಡಿಸಲಾರವು, ಹಾಗೆ ಮಾಡುವ ಹಕ್ಕು ನಮಗಿಲ್ಲ ಅಂತ. ಅದನ್ನು ಓದಿ ನಮ್ಮ ಚರ್ಚಿನಲ್ಲೂ ಕೆಲವರು ಒಟ್ಟಾದೆವು. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ, ನಡುವೆ 4ರಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಆ ವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಆನೆ ದಾಳಿಗೆ ಸಿಕ್ಕವರ ಕುಟುಂಬಗಳಿಗಾಗಿ ಬೇಡುತ್ತೇವೆ, ಕಾಡಿನ ಜೀವಿಗಳಿಗಾಗಿಯೂ ಬೇಡುತ್ತೇವೆ. ಮೊದಮೊದಲು ಹಿಂದಿನ ಬೆಂಚಿನಲ್ಲಿ ಗುಸುಗುಸು ಇತ್ತು. ಈಗ ಪ್ರಾರ್ಥನೆ ಬರೆದುಕೊಡಲು ಮಕ್ಕಳೇ ಮುಂದೆ ಬರುತ್ತಾರೆ.

ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಕಾಫಿ ತೋಟ ಇರುವವರೂ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಎಷ್ಟೇ ಅವಸರ ಇರಲಿ, ಕುಯ್ಲಿನ ಸಮಯದಲ್ಲೂ ಬೆಳಕು ಹರಿಯುವ ಮುಂಚೆ ಯಾರನ್ನೂ ಕೆಲಸಕ್ಕೆ ಕರೆಯಬೇಡಿ. ಕೂಲಿಯವರು ಇರುವ ಲೈನ್ ಮನೆಯಿಂದ ಕೆಲಸದ ಜಾಗಕ್ಕೆ ಜೀಪ್ ಕಳಿಸಿ. ಲೈನ್ ಮನೆಗಳಿಗೆ ಕಕ್ಕಸು ಇಲ್ಲದಿದ್ದರೆ ಈ ವರ್ಷವೇ ಕಟ್ಟಿಸಿಕೊಡಿ, ರಾತ್ರಿ ಹೊರಗೆ ಹೋಗುವುದು ತಪ್ಪುತ್ತದೆ. ತಂತಿ ಬೇಲಿಗೆ ಕಂಬದಿಂದ ನೇರ ಕರೆಂಟ್ ಕೊಡುವುದನ್ನು ದಯವಿಟ್ಟು ನಿಲ್ಲಿಸಿ, ಅದು ಆನೆಯನ್ನೂ ಕೊಲ್ಲುತ್ತದೆ, ಮುಟ್ಟಿದ ಮನುಷ್ಯನನ್ನೂ ಕೊಲ್ಲುತ್ತದೆ.