ಒಂಬತ್ತು ಐದಕ್ಕೆ ಒಂಬತ್ತು ಗಂಟೆ

ಆಕ್ಸ್‌ಫರ್ಡಿನ ಸೇಂಟ್ ಆಲ್ಡೇಟ್ಸ್ ರಸ್ತೆಯಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಜಿಟಿಜಿಟಿ ಮಳೆ. ಮೊಬೈಲಿನಲ್ಲಿ ರಾತ್ರಿ 9:05.

ಎದುರಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಗಂಟೆಗೋಪುರ ಟಾಮ್ ಟವರಿನಿಂದ ಢಣ್ ಅಂತ ಶುರುವಾಯ್ತು. ಆರು ಟನ್ನಿಗೂ ಮೀರಿದ ಗಂಟೆ. ಸದ್ದು ಕಿವಿಗಲ್ಲ, ಎದೆಗೇ ಬಡಿಯುತ್ತೆ.

ಇವತ್ತು ಎಣಿಸಿಯೇಬಿಡೋಣ ಅಂದುಕೊಂಡೆ. ದಿನಾ ನೂರೊಂದು ಸಲ ಹೊಡೆಯುತ್ತಂತೆ. ಈ ಕಾಲೇಜಿನಲ್ಲಿ ಮೊದಲು ನೂರು ಜನ ವಿದ್ಯಾರ್ಥಿಗಳು, ಆಮೇಲೆ 1660ರ ದಶಕದಲ್ಲಿ ಇನ್ನೊಬ್ಬ ಸೇರಿದ. ಅವನ ಲೆಕ್ಕಕ್ಕೆ ಒಂದೇಟು ಜಾಸ್ತಿ. (ನಮ್ಮೂರ ಮದುವೆಯ ಮುಯ್ಯಿ ಲಕೋಟೆ ನೆನಪಾಗಿ ನಗು ಬಂತು.)

ಅದಿರಲಿ, ಒಂಬತ್ತಕ್ಕೆ ಹೊಡೆಯೋದು ಬಿಟ್ಟು ಈ ಐದು ನಿಮಿಷ ಯಾಕೆ?

ಆಕ್ಸ್‌ಫರ್ಡ್ ಇರೋದು ಲಂಡನ್ನಿನ ಗ್ರೀನಿಚ್‌ನಿಂದ ಪಶ್ಚಿಮಕ್ಕೆ. ಸೂರ್ಯನ ಲೆಕ್ಕದಲ್ಲಿ ಇಲ್ಲಿ ಐದು ನಿಮಿಷ ತಡ. ರೈಲು ಬಂದ ಮೇಲೆ ದೇಶಕ್ಕೆಲ್ಲ ಗ್ರೀನಿಚ್‌ನ ಒಂದೇ ಟೈಮ್ ಆಯ್ತು, 1880ರಲ್ಲಿ ಕಾನೂನೂ ಬಂತು. ಈ ಗಂಟೆ ಮಾತ್ರ ಇನ್ನೂ ಹಳೇ ಒಂಬತ್ತನ್ನೇ ಹೊಡೀತಿದೆ. ಎಂಥ ಹಟಮಾರಿ ಊರು ಮಾರಾಯ್ರೆ!

ಹಿಂದೆ ಈ ಸದ್ದು ಕೇಳಿದರೆ ಕಾಲೇಜುಗಳ ಬಾಗಿಲು ಹಾಕುವ ಹೊತ್ತು. ತಡವಾಗಿ ಬಂದ ಹುಡುಗರು ಗೋಡೆ ಹಾರುತ್ತಿದ್ದರಂತೆ. ಈಗ ಯಾರೂ ತಲೆ ಕೂಡ ಎತ್ತಲ್ಲ. ಪಕ್ಕದಲ್ಲಿದ್ದ ಹುಡುಗಿ ಇಯರ್‌ಫೋನ್ ಹಾಕಿಕೊಂಡು ಚಿಪ್ಸ್ ತಿನ್ನುತ್ತಿದ್ದಳು, ವಿನೆಗರ್ ವಾಸನೆ ಮೂಗಿಗೆ ಹೊಡೀತಿತ್ತು.

ಅರವತ್ತಮೂರೋ ಅರವತ್ತನಾಲ್ಕೋ ಆಗಿತ್ತು, ಬಸ್ ಬಂತು.

ಲೆಕ್ಕ ತಪ್ಪಿತು. ನಾಳೆ ಮತ್ತೆ ಒಂದರಿಂದ.