ಜೈಸಲ್ಮೇರ್: ಕಲ್ಲು, ಸುಣ್ಣ, ಮಣ್ಣಿನ ಕೆಲಸ ನೋಡಲು ಹೋಗುವವರಿಗೆ

ಹಳೆಯ ಕಟ್ಟಡಗಳ ದುರಸ್ತಿ ನೋಡಲೆಂದೇ ಜೈಸಲ್ಮೇರಿಗೆ ಹೋಗುವವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಏಪ್ರಿಲ್ ದಾಟಿದರೆ ಬಿಸಿಲು 40 ಡಿಗ್ರಿ ಮೀರುತ್ತದೆ, ಹಗಲಲ್ಲಿ ಗಲ್ಲಿ ಸುತ್ತುವುದು ಆಗದ ಮಾತು. ಕೋಣೆಯನ್ನು ಮಾತ್ರ ಕೋಟೆಯ ಹೊರಗೇ ಹಿಡಿಯಿರಿ.

ಕಾರಣ ಇಷ್ಟೇ. 1156ರಲ್ಲಿ ರಾವಲ್ ಜೈಸಲ್ ಸ್ಥಾಪಿಸಿದ ಈ ಕೋಟೆ ನಿಂತಿರುವ ತ್ರಿಕೂಟ ಗುಡ್ಡದಲ್ಲಿ ಜೇಡಿ ಬೆರೆತ ಮೆತ್ತನೆಯ ಪದರಗಳಿವೆ. ನೀರನ್ನು ಕೊಡದಲ್ಲಿ ಹೊತ್ತು ತರುತ್ತಿದ್ದ ಕಾಲದಲ್ಲಿ ಅವು ಒಣಗಿಯೇ ಇದ್ದವು. ನಲ್ಲಿ ಬಂತು, ಹಿಂದೆಯೇ ಹೋಟೆಲ್‌ಗಳ ಬಚ್ಚಲುಗಳೂ ಬಂದವು. ಸೋರಿದ ನೀರು ಇಳಿದಂತೆ ಜೇಡಿ ಉಬ್ಬಿ ಜಾರುತ್ತದೆ, ಮೇಲಿನ ಗೋಡೆ ಬಾಯಿ ಬಿಡುತ್ತದೆ. 2024ರ ಆಗಸ್ಟ್‌ ಮಳೆಯಲ್ಲಿ ಗೋಡೆಯ ಒಂದು ಭಾಗ ಉರುಳಿತು. ದೂರೆಲ್ಲ ಮಳೆಯ ತಲೆಗೆ ಬಿದ್ದರೂ ಪಾಯವನ್ನು ಸಡಿಲಿಸುವುದು ವರ್ಷವಿಡೀ ಇಳಿಯುವ ಬಚ್ಚಲು ನೀರೇ.

ಕೋಟೆಯೊಳಗೆ ತಲೆಯೆತ್ತಿ ಝರೋಖಾ (ಗೋಡೆಯಿಂದ ಮುಂಚಾಚಿದ ಕೆತ್ತನೆಯ ಕಿಟಕಿ) ನೋಡುವ ಮೊದಲು ಮೊಣಕಾಲೆತ್ತರದಲ್ಲಿ ಗೋಡೆ ನೋಡಿ. ಸಂದುಗಳಿಗೆ ಸಿಮೆಂಟ್ ಮೆತ್ತಿದ ಕಡೆ ಸಿಮೆಂಟಿನ ಗೆರೆ ಹಾಗೇ ಉಬ್ಬಿ ನಿಂತಿದ್ದು, ಅಕ್ಕಪಕ್ಕದ ಹಳದಿ ಕಲ್ಲು ಹಕ್ಕಳೆ ಎದ್ದು ಒಳಗೆ ಸರಿದಿರುತ್ತದೆ. ಸಿಮೆಂಟ್ ತೇವವನ್ನು ಹೊರಬಿಡುವುದಿಲ್ಲ. ತೇವ ಕಲ್ಲಿನ ಮೂಲಕವೇ ಹೊರಬರುವಾಗ ಅದರಲ್ಲಿರುವ ಲವಣ ಹರಳುಗಟ್ಟಿ ಕಲ್ಲಿನ ಮೈಯನ್ನೇ ಒಡೆಯುತ್ತದೆ. ಇಲ್ಲಿ ಸರಿಯಾದ ಮದ್ದು ಸುಣ್ಣದ ಗಾರೆ: ಅರಳಿಸಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಕೆದಕಿ, ನೀರು ಚಿಮುಕಿಸಿ, ಗಾರೆಯನ್ನು ಒತ್ತಿ ತುಂಬಬೇಕು. ಮರುಭೂಮಿಯಲ್ಲಿ ಕೆಲಸ ಕೆಡುವುದು ಆಮೇಲೆ. ಒಣಗಾಳಿಗೆ ಗಾರೆ ಗಟ್ಟಿಯಾಗುವ ಮೊದಲೇ ಒಣಗಿ, ಉಗುರಿಗೆ ಪುಡಿಯಾಗಿ ಉದುರುತ್ತದೆ. ಒಂದು ವಾರವಾದರೂ ಒದ್ದೆ ಗೋಣಿ ಹೊದಿಸಲೇಬೇಕು.

ಕೋಟೆಯ ಗೋಡೆಯ ಬಹುಪಾಲಿಗೆ ಗಾರೆಯೇ ಇಲ್ಲ. ಕಲ್ಲನ್ನು ಕಲ್ಲಿಗೆ ಕೂರಿಸಿ ಕಬ್ಬಿಣದ ಕೊಕ್ಕೆ ಹಾಕಿದ್ದಾರೆ. ತುಕ್ಕು ಹಿಡಿದ ಕೊಕ್ಕೆ ಉಬ್ಬಿ ಕಲ್ಲನ್ನು ಸೀಳುತ್ತದೆ. ಕಂದು ಕಲೆ ಕಂಡಲ್ಲಿ ಬಿರುಕು ಹುಡುಕಿ, ಸಾಮಾನ್ಯವಾಗಿ ಸಿಗುತ್ತದೆ. ಮುಟ್ಟಿ ಕೆದಕಬೇಡಿ, ಇದು ಸಂರಕ್ಷಿತ ಸ್ಮಾರಕ. ರಾಜಸ್ಥಾನದ ಗಿರಿದುರ್ಗಗಳ ಜೊತೆ 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ.

ಹಳೆಯ ಮನೆಗಳೊಳಗೆ ಹೋಗಲು ಅವಕಾಶ ಸಿಕ್ಕರೆ ಚಾವಣಿ ನೋಡಿ. ಮರದ ತೊಲೆ, ಅದರ ಮೇಲೆ ಜೊಂಡು, ಮೇಲೆ ದಪ್ಪ ಮಣ್ಣು. ಹಗಲ ಬಿಸಿ ಒಳಗಿಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಇನ್ನಷ್ಟು ಮಣ್ಣು ಸುರಿಯುವುದೇ ತಪ್ಪು: ಒಂದಡಿ ದಪ್ಪದ ಒದ್ದೆ ಮಣ್ಣು ಚದರ ಮೀಟರಿಗೆ ಅರ್ಧ ಟನ್ ಮೀರಿ ತೂಗುತ್ತದೆ, ತೊಲೆ ಬಾಗದೆ ಇನ್ನೇನು?

1805ರಲ್ಲಿ ಶುರುವಾದ, ವ್ಯಾಪಾರಿ ಕುಟುಂಬವೊಂದರ ದೊಡ್ಡ ಮನೆಗಳಾದ ಪಟ್ವಾ ಹವೇಲಿಗಳಿಗೆ ಬೆಳಿಗ್ಗೆಯೇ ಹೋಗಿ. ಐದರಲ್ಲಿ ಒಂದೆರಡನ್ನು ನಿಧಾನವಾಗಿ ನೋಡಿದರೆ ಸಾಕು. ಜನ ಬಿಟ್ಟುಹೋದ ಹಳ್ಳಿ ಕುಲಧರಾ 18 ಕಿ.ಮೀ. ದೂರ. ದೆವ್ವದ ಕಥೆ ಹೇಳುವ ಗೈಡ್‌ಗಳನ್ನು ದಾಟಿ, ಹೊಸದಾಗಿ ಎಬ್ಬಿಸಿದ ಮನೆಗಳನ್ನು ಬಿದ್ದ ಮನೆಗಳ ಪಕ್ಕ ಇಟ್ಟು ನೋಡಿ. ಒಡೆದ ಗೋಡೆಯಲ್ಲಿ ಕಲ್ಲು ಕೂರಿಸಿದ ಕ್ರಮ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಕಾಣುತ್ತದೆ.

ಅದೇ ಕಲ್ಲಿನ ಹೊಸ ಕೆಲಸ ಬೇಕೆಂದರೆ ಸಮ್ ಮರಳು ದಿಬ್ಬಗಳ ದಾರಿಯ ಕನೋಯಿ ಹಳ್ಳಿಯಲ್ಲಿ ಡಯಾನಾ ಕೆಲ್ಲಾಗ್ ವಿನ್ಯಾಸದ ರಾಜಕುಮಾರಿ ರತ್ನಾವತಿ ಬಾಲಕಿಯರ ಶಾಲೆಯಿದೆ. ಮೊಟ್ಟೆಯಾಕಾರದ ಗೋಡೆ, ಗಾಳಿಯಾಡುವ ಜಾಲಂಧ್ರ, ಒಳಗೆ ಸುಣ್ಣದ ಗಿಲಾವು. ಮಕ್ಕಳು ಓದುವ ಜಾಗ, ಮೊದಲೇ ಅನುಮತಿ ಕೇಳಿ, ತರಗತಿ ಮುಗಿದ ಮೇಲೆ ಹೋಗಿ.