ಇಲ್ಲ, ಅವನು ಬ್ಯಾಟ್‌ಮನ್ ನಕಲಲ್ಲ

ನಮ್ಮ ಮನೆ ಹಾಲ್‌ನ ಗೋಡೆ ಮೇಲೆ ಒಂದು ಪೋಸ್ಟರ್ ಇದೆ. ಅಗಲ ಅಂಚಿನ ಕರಿ ಟೋಪಿ, ಬಾಯಿ ಮುಚ್ಚುವ ಹಾಗೆ ಸುತ್ತಿದ ಕೆಂಪು ಸ್ಕಾರ್ಫು, ಎರಡರ ನಡುವೆ ಗಿಡುಗನ ಕೊಕ್ಕಿನಂಥ ಮೂಗು, ಎರಡೂ ಕೈಯಲ್ಲಿ ಪಿಸ್ತೂಲು. ಮನೆಗೆ ಬಂದವರು ಕಾಫಿ ಲೋಟ ಕೈಗೆ ಬರುವ ಮೊದಲೇ ಕೇಳುತ್ತಾರೆ: "ಇದು ಬ್ಯಾಟ್‌ಮನ್ ನೋಡಿ ಮಾಡಿದ್ದಾ?"

ಅಲ್ಲ ಸ್ವಾಮಿ. ಇವನ ಹೆಸರು ಶ್ಯಾಡೋ, ಕಳ್ಳಕಾಕರನ್ನು ಕತ್ತಲಲ್ಲಿ ಬೇಟೆಯಾಡುವ ಕಥಾನಾಯಕ. 1930ರ ಜುಲೈಯಲ್ಲಿ ಅಮೆರಿಕದ ರೇಡಿಯೋದಲ್ಲಿ ಹುಟ್ಟಿದ. 1931ರ ಏಪ್ರಿಲ್‌ಗೆ ಅವನ ಹೆಸರಿನದೇ ಪತ್ತೇದಾರಿ ಪತ್ರಿಕೆ ಬಂತು. ಬ್ಯಾಟ್‌ಮನ್ ಕಾಣಿಸಿಕೊಂಡದ್ದು ಕಾಮಿಕ್ಸ್ ಪತ್ರಿಕೆಯೊಂದರ 1939ರ ಮೇ ಸಂಚಿಕೆಯಲ್ಲಿ. ಅದೂ ಹೇಗೆ? ಆ ಮೊದಲ ಕಥೆ ಬರೆದ ಬಿಲ್ ಫಿಂಗರ್ ಅದನ್ನು ಎತ್ತಿದ್ದೇ 1936ರ ಒಂದು ಶ್ಯಾಡೋ ಕಾದಂಬರಿಯಿಂದ. ಹಾಗಂತ ಅವನೇ ಒಪ್ಪಿಕೊಂಡಿದ್ದಾನೆ. ಮಗನನ್ನು ನೋಡಿ ಅಪ್ಪನ ಅಚ್ಚು ಅನ್ನಿ, ಬೇಡ ಅನ್ನುವುದಿಲ್ಲ. ಅಪ್ಪನ ಎದುರು ನಿಂತು "ನಿಮ್ಮನ್ನ ಮಗನ್ನ ನೋಡ್ಕೊಂಡು ಮಾಡಿದ್ದಾ?" ಅಂತ ಕೇಳಿದರೆ ಏನು ಹೇಳಲಿ?

ಹೆಸರನ್ನು ಕನ್ನಡಕ್ಕೆ ತರೋಣ ಅಂದರೆ ಅದೂ ಆಗುವುದಿಲ್ಲ. 'ನೆರಳು' ಅಂದಕೂಡಲೇ ನಮಗೆ ಹೊಂಗೆಮರ, ಮಧ್ಯಾಹ್ನ, ಮಜ್ಜಿಗೆ ನೆನಪಾಗುತ್ತದೆ. "ತಮ್ಮ ನೆರಳಲ್ಲಿ ಬೆಳೆದವನು ಬುದ್ಧಿ" ಅನ್ನುವ ನಾಡಿನಲ್ಲಿ ನೆರಳು ಕಂಡು ಯಾವ ಕಳ್ಳ ಹೆದರುತ್ತಾನೆ? ಶ್ಯಾಡೋ ಶ್ಯಾಡೋ ಆಗಿಯೇ ಇರಲಿ.

ಇಷ್ಟನ್ನೂ ನಾನು ಬಾಯಿಬಿಟ್ಟು ವಿವರಿಸಿದ್ದು ಕೊನೆಯ ಸಲ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆದ ದಿನ. ಪ್ರಸಾದದ ಸಜ್ಜಿಗೆ ಹಂಚುತ್ತಿದ್ದೆ. ನನ್ನ ಷಡ್ಡಕ ಪೋಸ್ಟರ್ ನೋಡಿ, "ಏನ್ ಭಾವ, ಇದು ಲೋಕಲ್ ಬ್ಯಾಟ್‌ಮನ್ನಾ?" ಅಂದ. ಲೋಕಲ್! ಚಾರ್ಜರ್ ಕೊಳ್ಳುವಾಗ ಕೇಳುವ ಪದ. ತಟ್ಟೆ ಟೀಪಾಯಿ ಮೇಲಿಟ್ಟು ಶುರು ಮಾಡಿದೆ. 1930, 1931, 1936, 1939. ಸಾಲದು ಅಂತ ಬೀರುವಿನಿಂದ, ಬ್ಯಾಟ್‌ಮನ್‌ನ ಪ್ರಕಾಶಕರೇ ಆದ ಡಿಸಿ ಕಾಮಿಕ್ಸ್‌ನ 1973ರ ಶ್ಯಾಡೋ ಸಂಚಿಕೆ ತೆಗೆದು ಅವನ ಕೈಗೆ ಕೊಟ್ಟೆ. ಅದೇ ವರ್ಷದ ಬ್ಯಾಟ್‌ಮನ್ ಪತ್ರಿಕೆಯ 253ನೇ ಸಂಚಿಕೆಯಲ್ಲಿ ಬ್ಯಾಟ್‌ಮನ್ನೇ ಶ್ಯಾಡೋ ಎದುರು ನಿಂತು, ನನಗೆ ದಾರಿ ತೋರಿಸಿದವನು ನೀನೇ ಅಂತ ಹೇಳುತ್ತಾನಪ್ಪಾ ಅಂದೆ. ಅಷ್ಟರಲ್ಲಿ ಸಜ್ಜಿಗೆ ಆರಿ ಗಟ್ಟಿಯಾಗಿತ್ತು. ಅವನು ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಬ್ಯಾಟ್‌ಮನ್ನು ಇವ್ನಿಗಿಂತ ಚೆನ್ನಾಗಿ ಮಾಡ್ದ ಅನ್ನಿ. ಇವ್ನ ಹೆಸ್ರು ನಾನು ಕೇಳೇ ಇಲ್ವಲ್ಲ" ಅಂದುಬಿಟ್ಟ.

ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಬಂತು.

ಕಾಮಿಕ್ಸ್‌ನಲ್ಲಿ ಬ್ಯಾಟ್‌ಮನ್ ನಿಂತ, ಶ್ಯಾಡೋ ಪದೇಪದೇ ಮುಗ್ಗರಿಸಿದ. ಯಾಕೆ ಅಂತ ಯಾರಾದರೂ ಕೇಳಬಾರದೇ? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಶ್ಯಾಡೋ ಮೊದಲಿಗೆ ಪಾತ್ರವೇ ಅಲ್ಲ, ಬರೀ ದನಿ. ಸ್ಟ್ರೀಟ್ ಅಂಡ್ ಸ್ಮಿತ್ ಎಂಬ ಪ್ರಕಾಶಕರು ತಮ್ಮ ಪತ್ತೇದಾರಿ ಪತ್ರಿಕೆಯ ಪ್ರಚಾರಕ್ಕೆ ರೇಡಿಯೋದಲ್ಲಿ ಕಥೆ ಓದಿಸುತ್ತಿದ್ದರು. ಓದುವ ನಿರೂಪಕನ ಹೆಸರು ಶ್ಯಾಡೋ. ಕೇಳಿದ ಜನ ಅಂಗಡಿಗೆ ಹೋಗಿ ಮಾರಾಟಕ್ಕಿದ್ದ ಪತ್ರಿಕೆ ಬಿಟ್ಟು, ಇಲ್ಲದೇ ಇದ್ದ 'ಆ ಶ್ಯಾಡೋ ಪತ್ರಿಕೆ'ಯನ್ನು ಕೇಳತೊಡಗಿದರು. ಗಡಿಬಿಡಿಯಲ್ಲಿ ವಾಲ್ಟರ್ ಗಿಬ್ಸನ್ ಎಂಬವನನ್ನು ಹಿಡಿದು ಬರೆಸಿದರು. ಮ್ಯಾಕ್ಸ್‌ವೆಲ್ ಗ್ರಾಂಟ್ ಎಂಬ ಹೆಸರಿನಲ್ಲಿ ಬಂದ 325 ಕಾದಂಬರಿಗಳಲ್ಲಿ 282 ಇವನೊಬ್ಬನದೇ. ಗಿಬ್ಸನ್ ಜಾದೂಗಾರ. ಅವನ ಶ್ಯಾಡೋ ಮಾಯವಾಗುವುದಿಲ್ಲ, ಕತ್ತಲಲ್ಲಿ ಕರಗುತ್ತಾನೆ. ಪ್ರೇಕ್ಷಕರ ಕಣ್ಣನ್ನು ಬಲಗೈಗೆ ಹಚ್ಚಿ ಎಡಗೈಯಲ್ಲಿ ಕೆಲಸ ಮುಗಿಸುವವನ ವಿದ್ಯೆ ಅದು. 1937ರಲ್ಲಿ ಶ್ಯಾಡೋ ರೇಡಿಯೋ ನಾಟಕದ ನಾಯಕನಾದಾಗ ಕತ್ತಲಿನ ವರ್ಣನೆಗೆಲ್ಲ ಪುರುಸೊತ್ತಿರಲಿಲ್ಲ. ಜನರ ಮನಸ್ಸಿಗೆ ಮಂಕು ಕವಿಸಿ ಕಾಣದಂತಾಗುವ ಶಕ್ತಿ ಕೊಟ್ಟುಬಿಟ್ಟರು. ರೇಡಿಯೋದಲ್ಲಿ ಯಾರು ತಾನೇ ಕಾಣುತ್ತಾರೆ? ದನಿಯನ್ನು ಟೆಲಿಫೋನಿನಲ್ಲಿ ಬಂದ ಹಾಗೆ ಮಾಡಿದರೆ ಮುಗಿಯಿತು, ಮನುಷ್ಯ ಮಾಯ.

ಇನ್ನು ಕಾಮಿಕ್ಸ್‌ಗೆ ಚಿತ್ರ ಬರೆಯುವವನ ಪಾಡು ನೋಡಿ. ಕಣ್ಣಿಗೇ ಕಾಣದವನನ್ನು ಅವನು ಪ್ರತಿ ಚೌಕದಲ್ಲೂ ಕಾಣಿಸಬೇಕು. 1940ರಲ್ಲಿ ಶುರುವಾಗಿ 101 ಸಂಚಿಕೆ ನಡೆದ 'ಶ್ಯಾಡೋ ಕಾಮಿಕ್ಸ್'ನಲ್ಲಿ ರೇಡಿಯೋದ ದಾರಿಯನ್ನೇ ಹಿಡಿದು, ಮಾಯವಾದವನನ್ನು ಆರಪಾರ ಕಾಣುವ ಬಣ್ಣದ ಗೆರೆಯಾಗಿ ಬರೆದರು. ಖಳರಿಗೆ ಕಾಣುವುದಿಲ್ಲ, ನಮಗೆ ಕಾಣುತ್ತಾನೆ. ಭಯ ಎಲ್ಲಿಂದ ಹುಟ್ಟಬೇಕು? ಅವನ ನಗುವಿನ ಕಥೆ ಇನ್ನೂ ಕಷ್ಟ. ಆ ಮೈ ನಡುಗಿಸುವ ನಗು, ಮುಂದೆ ಸಿನಿಮಾದಲ್ಲಿ ದೊಡ್ಡ ಹೆಸರು ಮಾಡಿದ ಆರ್ಸನ್ ವೆಲ್ಸ್‌ನಂಥವನಿಗೂ ಒಲಿಯದೆ, ಅವನು ರೇಡಿಯೋ ನಾಟಕದ ನಾಯಕನಾಗಿದ್ದಾಗಲೂ ಕಾರ್ಯಕ್ರಮದ ಆರಂಭಕ್ಕೆ ಹಿಂದಿನ ನಟ ಫ್ರಾಂಕ್ ರೀಡಿಕ್‌ನ ನಗುವನ್ನೇ ಬಳಸುತ್ತಿದ್ದರಂತೆ. ಅದೇ ನಗು ಮಾತಿನ ಗುಳ್ಳೆಯೊಳಗೆ ಅಕ್ಷರವಾಗಿ ಬಂದರೆ ನಮ್ಮ ಫ್ಯಾಮಿಲಿ ಗ್ರೂಪಿನ 'ಹಹಹ' ಆಗುತ್ತದೆ.

1964ರಲ್ಲಿ ಆರ್ಚಿ ಕಾಮಿಕ್ಸ್‌ನವರು ಅವನಿಗೆ ನೀಲಿ-ಹಸಿರು ಬಿಗಿ ಉಡುಪು ತೊಡಿಸಿ ಸೂಪರ್‌ಹೀರೋ ಮಾಡಹೊರಟು ಎಂಟೇ ಸಂಚಿಕೆಗೆ ಕದ ಮುಚ್ಚಿದರು. ಅದರ ಬಗ್ಗೆ ಇಷ್ಟು ಸಾಕು. 1986ರಲ್ಲಿ ಹೊವಾರ್ಡ್ ಚೇಕಿನ್ ಎಂಬ ಕಾಮಿಕ್ಸ್ ಕಲಾವಿದ ಅವನನ್ನು ಆಗಿನ ಕಾಲಕ್ಕೇ ಎಳೆದು ತಂದ. ಊರಿಗೆಲ್ಲ ವಯಸ್ಸಾಗಿದೆ, ಇವನಿಗೆ ಮಾತ್ರ ಆಗಿಲ್ಲ. ಹಳೇ ಅಭಿಮಾನಿಗಳು ಕೆಂಡವಾದರು. ಅದರ ಬೆನ್ನಿಗೆ ಬಂದ ಸರಣಿಯಲ್ಲಿ ಆಂಡಿ ಹೆಲ್ಫರ್ ಮತ್ತು ಕೈಲ್ ಬೇಕರ್ ಶ್ಯಾಡೋನನ್ನು ಕೊಂದು, ಅವನ ತಲೆಯನ್ನು ರೋಬೋಟ್ ಮೈಗೆ ಜೋಡಿಸಿದರು! 19ನೇ ಸಂಚಿಕೆಗೆ ಅದೂ ನಿಂತಿತು. ಬೈಯುವವರು ಬೈಯಲಿ, ನನಗೆ ಅದು ಇಷ್ಟ. ಹೇಗೂ ಬರೆಯಲಾಗದವನನ್ನು ಹೀಗಾದರೂ ಬರೆಯೋಣ ಅನ್ನುವ ಮೊಂಡುತನ ಅದರಲ್ಲಿದೆ.

ಗೆದ್ದವನು ಅಂತ ನಾನು ಹೇಳುವುದು ಮೈಕ್ ಕಲೂಟಾನನ್ನು. 1973ರಲ್ಲಿ ಡೆನಿ ಓ'ನೀಲ್ ಬರವಣಿಗೆಯಲ್ಲಿ ಶುರುವಾದ ಡಿಸಿ ಸರಣಿಗೆ ಚಿತ್ರ ಬರೆದವನು. ಅದು 12 ಸಂಚಿಕೆ ಬಂತು, ಕಲೂಟಾ ಬರೆದದ್ದು ಅದರಲ್ಲಿ ಐದು ಮಾತ್ರ. ಮಾಯದ ತಂಟೆಗೇ ಅವನು ಹೋಗಲಿಲ್ಲ. ಮನುಷ್ಯನನ್ನು ಬಿಟ್ಟು ನಿಲುವಂಗಿಯನ್ನು ಬರೆದ. ಅಂಗಿಯ ಮಡಿಕೆ ಎಲ್ಲಿ ಮುಗಿಯಿತು, ಗೋಡೆಯ ಕತ್ತಲು ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ಕಪ್ಪು ಮಸಿ ಸುರಿದು, ನಡುವೆ ಒಂದು ಮೂಗು, ಎರಡು ಕಣ್ಣು ಉಳಿಸಿದ. ಗಿಬ್ಸನ್ ಪುಟಗಟ್ಟಲೆ ಬರೆದ ಕತ್ತಲು ಅದೇ.

ಬೇಕಾದರೆ ತೋರಿಸುತ್ತೇನೆ, ಮನೆಗೆ ಬನ್ನಿ. ಕೈ ತೊಳೆದು ಒರೆಸಿಕೊಂಡು ಮುಟ್ಟಿ. ಅಷ್ಟು ಕಷ್ಟಪಟ್ಟು ತರಿಸಿದ ಸಂಚಿಕೆಯ ಮುಖಪುಟದ ಮೂಲೆಯಲ್ಲಿ ಈಗಾಗಲೇ ತುಪ್ಪದ ಹೆಬ್ಬೆಟ್ಟಿನ ಗುರುತೊಂದಿದೆ.